ಸೇತುವೆ ಹಾಕಿದವರ ಲೆಕ್ಕ

ಯುದ್ಧದಲ್ಲಿ ಒಂದು ದಳ ಏನು ಸೇವೆ ಸಲ್ಲಿಸಿತು ಎಂದು ಕೇಳಿದರೆ ನಮಗೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ಎಷ್ಟು ಮಂದಿ ಸತ್ತರು, ಎಷ್ಟು ಪದಕ ಬಂದವು. ಸ್ಮಾರಕದ ಕಲ್ಲಿನ ಮೇಲೆ ಕೆತ್ತುವುದೂ ಇದನ್ನೇ, ದಳದ ಚರಿತ್ರೆಯ ಕೊನೆಯ ಪುಟಗಳಲ್ಲಿ ಅಚ್ಚು ಹಾಕಿಸುವುದೂ ಇದನ್ನೇ. ಶತ್ರುವಿನ ಎದುರು ನಿಂತು ಹೋರಾಡುವ ಕಾಲಾಳು ಪಡೆಗೆ ಈ ಅಳತೆ ಒಂದು ಮಟ್ಟಿಗೆ ಹೊಂದೀತು. ಆದರೆ ಸೇನೆಯ ಎಂಜಿನಿಯರ್ ದಳಗಳಿಗೆ ಇದು ಹೊಂದುವುದಿಲ್ಲ. ಊರಿನಲ್ಲಿ ಬಡಗಿಯಾಗಿ, ಕಮ್ಮಾರನಾಗಿ, ಮೋಜಣಿದಾರನಾಗಿ ಬದುಕುತ್ತಿದ್ದು, ಯುದ್ಧ ಬಂದ ಮೇಲೆ ಸಮವಸ್ತ್ರ ತೊಟ್ಟುಹೋದ ಮೀಸಲು ಎಂಜಿನಿಯರ್ ದಳಗಳಿಗಂತೂ ಇದು ಅನ್ಯಾಯವನ್ನೇ ಮಾಡುತ್ತದೆ. ಅವರ ಕೆಲಸ ಚೆನ್ನಾಗಿ ನಡೆದ ದಿನ ಸಾಯಬೇಕಾಗಿದ್ದ ಎಷ್ಟೋ ಜನ ಸಾಯದೆ ಉಳಿಯುತ್ತಾರೆ, ಮತ್ತು ಉಳಿದವರ ಪಟ್ಟಿಯನ್ನು ಯಾರೂ ಇಡುವುದಿಲ್ಲ. ಅವರ ಸೇವೆಯನ್ನೂ ನಷ್ಟವನ್ನೂ ಅಳೆಯಬೇಕಾದರೆ ಸತ್ತವರ ಪಟ್ಟಿಯ ಪಕ್ಕದಲ್ಲಿ ಅವರು ದಾಟಿಸಿದ ಹೊಳೆಗಳನ್ನೂ ಇಟ್ಟು ಓದಬೇಕು. ಈ ಮಾತಿಗೆ ಆಧಾರವಾಗಿ ಮೊದಲನೆಯ ಮಹಾಯುದ್ಧದಲ್ಲಿ ಸ್ಕಾಟ್ಲೆಂಡಿನ ಒಂದು ಮೀಸಲು ಎಂಜಿನಿಯರ್ ಪಡೆ ಕಂಡದ್ದನ್ನು ಇಲ್ಲಿ ಮುಂದಿಡುತ್ತೇನೆ.

ಬ್ರಿಟನ್ನಿನ ಯುದ್ಧಮಂತ್ರಿಯಾಗಿದ್ದ ಹಾಲ್ಡೇನ್ ಅವರ ಸುಧಾರಣೆಗಳಿಂದ 1908ರಲ್ಲಿ ಟೆರಿಟೋರಿಯಲ್ ಪಡೆ ಹುಟ್ಟಿತು. ಅದರ ಸೈನಿಕರು ವಾರದ ಕೆಲವು ಸಂಜೆ ಊರಿನ ಕವಾಯತು ಭವನಕ್ಕೆ ಬರುತ್ತಿದ್ದರು, ವರ್ಷಕ್ಕೊಮ್ಮೆ ಎರಡು ವಾರದ ಶಿಬಿರಕ್ಕೆ ಹೋಗುತ್ತಿದ್ದರು. ಕಾನೂನಿನ ಪ್ರಕಾರ ಅವರ ಹೊಣೆ ಸ್ವದೇಶದ ರಕ್ಷಣೆ ಮಾತ್ರ. ಸಮುದ್ರ ದಾಟಿ ಹೋಗಬೇಕಾದರೆ ತಾವಾಗಿಯೇ ಒಪ್ಪಿ ಸಹಿ ಹಾಕಬೇಕಿತ್ತು. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ರಾಯಲ್ ಎಂಜಿನಿಯರ್ಸ್ ದಳದ ಒಟ್ಟು ಬಲ ಸುಮಾರು 25 ಸಾವಿರ. ಅದರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಈ ಟೆರಿಟೋರಿಯಲ್ ಜನ, ಎಂದರೆ ಅರ್ಧಕ್ಕಿಂತ ಹೆಚ್ಚು. ಮೂರು ವರ್ಷದಲ್ಲಿ ಆ ದಳ ಸುಮಾರು ಮೂರು ಲಕ್ಷಕ್ಕೆ ಬೆಳೆಯಿತು. ಅಷ್ಟು ಬೇಗ ಅಷ್ಟು ದೊಡ್ಡದಾದ ದಳಕ್ಕೆ ಅಡಿಪಾಯವಾದವರು ಯಾರು ಎಂಬುದನ್ನು ಈ ಮೊದಲಿನ ಸಂಖ್ಯೆಗಳೇ ಹೇಳುತ್ತವೆ. ಗ್ಲಾಸ್ಗೊ ನಗರಕ್ಕೆ ಹೊಂದಿಕೊಂಡ ರದರ್‌ಗ್ಲೆನ್ ಪಟ್ಟಣದಲ್ಲಿ ಕೇಂದ್ರವಿದ್ದ ಲೋಲೆಂಡ್ ಡಿವಿಷನ್ನಿನ ಎಂಜಿನಿಯರ್ ಪಡೆ ಇಂಥದ್ದೊಂದು. ಸುತ್ತಲಿನ ಲನಾರ್ಕ್‌ಷೈರ್ ಕಲ್ಲಿದ್ದಲು ಗಣಿ ಮತ್ತು ಉಕ್ಕಿನ ನಾಡು. ಅಗೆಯುವುದು, ಆನಿಕೆ ಕೊಡುವುದು, ಬೆಸೆಯುವುದು ಆ ನಾಡಿನ ದಿನನಿತ್ಯದ ಕೆಲಸ. ಇಂಥ ಪಡೆಗೆ ಸೇರುವವನಿಗೆ ಬಂದೂಕು ಹಿಡಿಯುವುದರ ಜೊತೆಗೆ ಒಂದು ಕಸುಬೂ ಬರಬೇಕು. ಕಸುಬಿನ ಮಟ್ಟ ನೋಡಿ, ಸಿಪಾಯಿಯ ಸಂಬಳದ ಮೇಲೆ ಬೇರೆ ಭತ್ಯೆಯನ್ನೂ ಕೊಡುತ್ತಿದ್ದರು.

ಒಂದು ಫೀಲ್ಡ್ ಕಂಪನಿ ಎಂದರೆ ಅಧಿಕಾರಿಗಳೂ ಸೇರಿ ಇನ್ನೂರು ಚಿಲ್ಲರೆ ಜನ. ಹದಿನಾರು ಹದಿನೆಂಟು ಸಾವಿರ ಮಂದಿಯ ಒಂದು ಡಿವಿಷನ್ನಿಗೆ ಇಂಥವು ಮೂರು. ಕಂದಕ ತೋಡಿಸುವುದು, ಮುಳ್ಳುತಂತಿ ಹಾಕುವುದು, ನೆಲಮಾಳಿಗೆಗೆ ಮರದ ಕಂಬ ಕೊಡುವುದು, ಕೆಸರಿನ ಮೇಲೆ ಹಲಗೆದಾರಿ ಹಾಸುವುದು, ಕುಡಿಯುವ ನೀರಿನ ವ್ಯವಸ್ಥೆ ನೋಡುವುದು, ಸೇತುವೆ ಕಟ್ಟುವುದು, ಬೇಕಾದಾಗ ಸೇತುವೆ ಒಡೆಯುವುದು ಎಲ್ಲವೂ ಅವರದೇ. ಇದರಲ್ಲಿ ಬಹುಪಾಲು ರಾತ್ರಿಯ ಕೆಲಸ. ಶತ್ರುವಿಗೆ ಕಾಣಬಾರದೆಂದು ಕತ್ತಲೆಯಲ್ಲಿ ಮಾಡಿದ್ದು ಚರಿತ್ರೆ ಬರೆಯುವವರ ಕಣ್ಣಿಗೂ ಬೀಳದೆ ಹೋಯಿತು. ಲೋಲೆಂಡ್ ಪಡೆಯ ಮೊದಲನೆಯ ಕಂಪನಿಯನ್ನು ಫ್ರಾನ್ಸಿಗೆ ಕಳಿಸಿ, ಆಗಲೇ ಬಹಳ ನಷ್ಟ ಅನುಭವಿಸಿದ್ದ ಖಾಯಂ ಸೇನೆಯ 1ನೇ ಡಿವಿಷನ್ನಿಗೆ ಸೇರಿಸಿದರು. ಎರಡನೆಯ ಕಂಪನಿ ತನ್ನ ನಾಡಿನದೇ ಆದ 52ನೇ ಲೋಲೆಂಡ್ ಡಿವಿಷನ್ನಿನ ಜೊತೆ ಪೂರ್ವದ ರಣರಂಗಗಳಿಗೆ ಹೋಯಿತು. 1917ರಲ್ಲಿ ಎಲ್ಲ ಟೆರಿಟೋರಿಯಲ್ ಕಂಪನಿಗಳಿಗೂ ಹೊಸ ಸಂಖ್ಯೆ ಕೊಟ್ಟಾಗ ಮೊದಲನೆಯದು 409 ಆಯಿತು, ಎರಡನೆಯದು 410. ಒಂದೇ ಪಡೆಯಿಂದ ಹೊರಟ ಈ ಎರಡು ಕಂಪನಿಗಳಿಗೆ ಯುದ್ಧದ ಕೊನೆಯ ವರ್ಷದಲ್ಲಿ ಒಂದೇ ಬಗೆಯ ಕೆಲಸ ಬಂತು: ಶತ್ರು ಕಾಯುತ್ತಿರುವ ನೀರನ್ನು ದಾಟಿಸುವುದು. ಫಲ ಮಾತ್ರ ಒಂದೇ ಆಗಲಿಲ್ಲ.

ಅದಕ್ಕೆ ಮೊದಲು, ದಾಟುವ ದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನೋಡಬೇಕು. 1917ರ ಜುಲೈ 10ರಂದು ಬೆಲ್ಜಿಯಂ ಕರಾವಳಿಯ ನ್ಯೂಪೋರ್ಟ್ ಬಳಿ ಇದೇ 1ನೇ ಡಿವಿಷನ್ನಿನ ಎರಡು ಬೆಟಾಲಿಯನ್‌ಗಳು ಯ್ಸರ್ ನದಿಯ ಆಚೆ ದಡದ ಮರಳು ದಿಬ್ಬಗಳಲ್ಲಿದ್ದವು. ಜರ್ಮನ್ ಫಿರಂಗಿಗಳು ಹಿಂದಿನ ಸೇತುವೆಗಳನ್ನು ಒಡೆದುಹಾಕಿದವು. ಬೆನ್ನಿಗೆ ನದಿ, ಮುಂದೆ ಶತ್ರು. ನೆರವು ಬರುವಂತಿಲ್ಲ, ಹಿಂದೆ ಸರಿಯುವಂತಿಲ್ಲ. ಸಂಜೆಯ ಹೊತ್ತಿಗೆ ಆ ಎರಡು ಬೆಟಾಲಿಯನ್‌ಗಳು ಬಹುಮಟ್ಟಿಗೆ ಇಲ್ಲವಾದವು. ಈಜಿ ಈಚೆ ದಡ ಸೇರಿದವರು ಬಹಳ ಕಡಿಮೆ. ಅವರ ಶೌರ್ಯದಲ್ಲಿ ಕೊರತೆ ಇರಲಿಲ್ಲ, ಇಲ್ಲವಾದದ್ದು ನೀರಿನ ಮೇಲಿನ ಕೆಲವು ಗಜ ಹಲಗೆ. ಒಂದು ಸೇತುವೆಯ ಬೆಲೆಯನ್ನು ಮನುಷ್ಯರ ಲೆಕ್ಕದಲ್ಲಿ ಹೇಳಬಹುದಾದ ದಿನ ಯಾವುದಾದರೂ ಇದ್ದರೆ ಅದು ಈ ದಿನ.

ಈಗ ಪ್ಯಾಲೆಸ್ತೀನಿಗೆ ಬರೋಣ. 1917ರ ಡಿಸೆಂಬರಿನಲ್ಲಿ ಜಾಫಾ ಬಂದರು ಬ್ರಿಟಿಷರ ಕೈಯಲ್ಲಿತ್ತು, ಆದರೆ ಅದರ ಉತ್ತರಕ್ಕೆ ಹರಿಯುವ ಔಜಾ ನದಿಯ ಆಚೆ ದಡ ತುರ್ಕರ ಕೈಯಲ್ಲಿತ್ತು. ಇಂದು ಟೆಲ್ ಅವೀವ್ ನಗರದ ನಡುವೆ ಹರಿಯುವ ಯಾರ್ಕೋನ್ ಹೊಳೆ ಇದೇ. ನಲವತ್ತು ಐವತ್ತು ಗಜ ಅಗಲ, ಆಳ ಆಳುದ್ದಕ್ಕಿಂತ ಬಹಳ ಹೆಚ್ಚು, ಮಳೆಗಾಲದ ಸೆಳೆತ, ಎರಡೂ ಬದಿಗೆ ಕಾಲು ಹೂತುಹೋಗುವ ಕೆಸರು. ಆಚೆ ದಡದ ಎತ್ತರದಿಂದ ತುರ್ಕರಿಗೆ ಈಚಿನ ಬಯಲೆಲ್ಲ ಕಾಣುತ್ತಿತ್ತು. ಹಗಲು ಫಿರಂಗಿ ಹೊಡೆದು ದಾಟಬೇಕೆಂದಿದ್ದರೆ ಎಷ್ಟು ಹೆಣ ಬೀಳುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. 52ನೇ ಡಿವಿಷನ್ ಸದ್ದಿಲ್ಲದೆ ರಾತ್ರಿ ದಾಟುವುದೆಂದು ನಿರ್ಧರಿಸಿತು. ಅದಕ್ಕೆ ಬೇಕಾದ ದೋಣಿಗಳು ಇರಲಿಲ್ಲ. ಅದರ ಮೂರು ಎಂಜಿನಿಯರ್ ಕಂಪನಿಗಳು, 410, 412, 413, ಮೂರೂ ಲೋಲೆಂಡಿನ ಮೀಸಲು ಕಂಪನಿಗಳೇ, ಸಿಕ್ಕ ಮರದಿಂದ ಚೌಕಟ್ಟು ಕಟ್ಟಿ, ಅದಕ್ಕೆ ಕ್ಯಾನ್ವಾಸ್ ಬಟ್ಟೆ ಹೊದಿಸಿ, ಒಂದೊಂದರಲ್ಲಿ ಇಪ್ಪತ್ತು ಜನ ಕೂರಬಹುದಾದ ತೆಪ್ಪಗಳನ್ನು ಮಾಡಿದವು. ತುಂಗಭದ್ರೆಯ ಹರಿಗೋಲನ್ನು ಬಲ್ಲವರಿಗೆ ಆ ರಚನೆಯನ್ನು ವಿವರಿಸಬೇಕಾಗಿಲ್ಲ. ಹಗುರವಾದ ಹಂದರ, ಮೇಲೊಂದು ನೀರು ತೂರದ ಹೊದಿಕೆ, ಹೊತ್ತುಕೊಂಡು ನಡೆಯುವಷ್ಟೇ ಭಾರ. ಜಾಫಾದ ಕಿತ್ತಳೆ ತೋಟಗಳ ಮರೆಯಲ್ಲಿ ಈ ಕೆಲಸ ನಡೆಯಿತು. ಡಿಸೆಂಬರ್ 20ರ ರಾತ್ರಿ, ಗಾಳಿಮಳೆಯ ಸದ್ದಿನ ಮರೆಯಲ್ಲಿ ಮೊದಲ ತಂಡಗಳು ದಾಟಿದವು. ಬೆಳಗಾಗುವ ಹೊತ್ತಿಗೆ ಆಚೆ ದಡದ ತುರ್ಕಿ ಠಾಣೆಗಳು ಒಂದೊಂದಾಗಿ ಬಿದ್ದಿದ್ದವು, ಮುನ್ನೂರಕ್ಕೂ ಹೆಚ್ಚು ಮಂದಿ ಸೆರೆಯಾಗಿದ್ದರು. ಅಲ್ಲಿನ ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್‌ಬಿ ತಮ್ಮ ವರದಿಯಲ್ಲಿ ಈ ದಾಟುವಿಕೆಯನ್ನು ಮೆಚ್ಚಿ ಬರೆದಾಗ ಅದರ ಹಿಂದಿದ್ದ ಎಚ್ಚರದ ಸಿದ್ಧತೆಯನ್ನು ಎತ್ತಿ ಹೇಳಿದರು. ಇಷ್ಟು ದೊಡ್ಡ ಕೆಲಸಕ್ಕೆ ಇಡೀ ಡಿವಿಷನ್ ತೆತ್ತ ನಷ್ಟ ತೀರ ಸಣ್ಣದು. ಸತ್ತವರ ಪಟ್ಟಿಯನ್ನಷ್ಟೇ ನೋಡುವವನಿಗೆ ಔಜಾ ಒಂದು ಸಣ್ಣ ಘಟನೆಯಾಗಿ ಕಾಣುವುದೂ ಇದೇ ಕಾರಣಕ್ಕೆ. ನನ್ನ ದೃಷ್ಟಿಯಲ್ಲಿ ಲೋಲೆಂಡ್ ಎಂಜಿನಿಯರುಗಳ ಅತಿ ದೊಡ್ಡ ಸೇವೆ ಆ ರಾತ್ರಿಯದು.

ಮೊದಲನೆಯ ಕಂಪನಿಗೆ ಅಂಥ ಕತ್ತಲೆಯ ಮರೆ ಸಿಗಲಿಲ್ಲ. 1918ರ ನವೆಂಬರ್ 4ರಂದು ಉತ್ತರ ಫ್ರಾನ್ಸಿನಲ್ಲಿ ಬ್ರಿಟಿಷ್ ಸೇನೆ ಸಾಂಬ್ರ್-ವಾಜ್ ಕಾಲುವೆಯನ್ನು ದಾಟಬೇಕಿತ್ತು. ಕತಿಯೋಂ ಹಳ್ಳಿಯ ದಕ್ಷಿಣಕ್ಕೆ ಆ ಕಾಲುವೆಯಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ಒಂದು ಲಾಕ್ ಇತ್ತು. ಸೇನೆಯ ನಕ್ಷೆಯಲ್ಲಿ ಅದು 1ನೇ ಲಾಕ್. ಅಲ್ಲಿ ನೀರಿನ ಅಗಲ ಹದಿನೇಳು ಅಡಿಯಷ್ಟೇ, ಆದ್ದರಿಂದ ಹೊತ್ತು ತಂದ ಸಣ್ಣ ಸೇತುವೆ ಇಟ್ಟು ದಾಟಬಹುದು. ಶತ್ರುವಿಗೂ ಅದು ಗೊತ್ತಿತ್ತು. ಲಾಕಿನ ಬದಿಯ ಕಟ್ಟಡಗಳಲ್ಲಿ ಮಿಷನ್‌ಗನ್‌ಗಳಿದ್ದವು. ಬೆಳಗಿನ ಜಾವ 5.45ಕ್ಕೆ, ಮಂಜಿನಲ್ಲಿ, ಮೇಜರ್ ಜಾರ್ಜ್ ಫಿಂಡ್ಲೆ ಅವರ 409ನೇ ಕಂಪನಿಯ ಜನ ರಾಯಲ್ ಸಸೆಕ್ಸ್ ದಳದ ಕಾಲಾಳುಗಳೊಡನೆ ಹೊರಟರು. ಲಾಕಿಗಿಂತ ಮೊದಲು ಅಡ್ಡಬಂದ ಒಂದು ನೀರಿನ ಹಳ್ಳದ ಬಳಿಯೇ ಗುಂಡಿನ ಸುರಿಮಳೆಗೆ ಸಿಕ್ಕಿ ಅವರು ನಿಲ್ಲಬೇಕಾಯಿತು. ಸೇತುವೆ ಹೊತ್ತಿದ್ದವರು ಬಿದ್ದರು, ಸೇತುವೆಗಳಿಗೂ ಪೆಟ್ಟಾಯಿತು. ಫಿಂಡ್ಲೆ ಸಿಕ್ಕವರನ್ನು ಕೂಡಿಸಿಕೊಂಡು ಅದೇ ಗುಂಡಿನ ನಡುವೆ ಅವನ್ನು ರಿಪೇರಿ ಮಾಡಿಸಿದರು. ತಾವೂ ಗಾಯಗೊಂಡಿದ್ದರು. ಎರಡು ಸಲ ಸೇತುವೆ ಇಡಲು ಹೋದಾಗಲೂ ಜೊತೆಗಿದ್ದವರು ಸಾಲಾಗಿ ಉರುಳಿದರು. ಮೂರನೆಯ ಸಲ ಸೇತುವೆ ಕೂತಿತು, ಅದರ ಮೇಲೆ ಮೊದಲು ದಾಟಿದವರೂ ಅವರೇ. ಚದುರಿದ ಕಾಲಾಳುಗಳನ್ನು ಮತ್ತೆ ಮತ್ತೆ ಒಟ್ಟುಗೂಡಿಸಿ ಸೇತುವೆಗಳಿಗೆ ಕೈಹಚ್ಚಿಸಿದವರು ಸಸೆಕ್ಸ್ ದಳದ ನಾಯಕ ಲೆಫ್ಟಿನೆಂಟ್ ಕರ್ನಲ್ ಡಡ್ಲಿ ಜಾನ್ಸನ್. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂತು.

ಅದೇ ಬೆಳಗ್ಗೆ ಸ್ವಲ್ಪ ಉತ್ತರಕ್ಕೆ, ಓರ್ಸ್ ಹಳ್ಳಿಯ ಬಳಿ, 218ನೇ ಫೀಲ್ಡ್ ಕಂಪನಿ ಬೆಂಡಿನ ತೇಲುಗಳ ಮೇಲೆ ಸೇತುವೆ ಹಾಕುತ್ತಿತ್ತು. ಇದು ಟೆರಿಟೋರಿಯಲ್ ಕಂಪನಿಯಲ್ಲ, ಯುದ್ಧ ಶುರುವಾದ ಮೇಲೆ ಕಟ್ಟಿದ್ದು. ಆದರೆ ಇಲ್ಲಿಯೂ ಕಸುಬಿನವರೇ ಇದ್ದರು. ಎಡಿನ್‌ಬರೋದ ಒಂದು ಕಾಂಕ್ರೀಟ್ ಕಾರ್ಖಾನೆಯಲ್ಲಿ ಗಾರೆ ಕೆಲಸ ಮಾಡುತ್ತಿದ್ದ, ನಲವತ್ತರ ಅಂಚಿಗೆ ಬಂದಿದ್ದ ಆಡಮ್ ಆರ್ಚಿಬಾಲ್ಡ್ ಎಂಬ ಸ್ಯಾಪರ್ (ಎಂಜಿನಿಯರ್ ದಳದ ಸಿಪಾಯಿ), ಕೆಲವೇ ಗಜದ ದೂರದಿಂದ ತನ್ನ ಮೇಲೆ ಮಿಷನ್‌ಗನ್ ಗುಂಡು ಹಾರುತ್ತಿದ್ದರೂ ತೇಲುಗಳ ಮೇಲೆ ಕೆಲಸ ಬಿಡಲಿಲ್ಲ. ಕೆಲಸ ಮುಗಿದೊಡನೆ ವಿಷಾನಿಲದಿಂದ ಕುಸಿದುಬಿದ್ದ. ಅವನ ಮೇಜರ್ ಆರ್ನಲ್ಡ್ ವಾಟರ್ಸ್, ಕೈಕೆಳಗಿನ ಅಧಿಕಾರಿಗಳೆಲ್ಲ ಸತ್ತು ಅಥವಾ ಗಾಯಗೊಂಡು ಬಿದ್ದ ಮೇಲೆ ತಾವೇ ತೇಲುಗಳ ಮೇಲೆ ನಿಂತು ಕೆಲಸ ಮುಗಿಸಿದರು. ಇವರಿಗೂ ಆರ್ಚಿಬಾಲ್ಡನಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಆದರೂ ಕೆಲವೇ ಮಂದಿ ದಾಟುವಷ್ಟರಲ್ಲಿ ಆ ಸೇತುವೆ ಮುರಿಯಿತು, ಅಲ್ಲಿನ ಪ್ರಯತ್ನವನ್ನು ಕೈಬಿಡಬೇಕಾಯಿತು. ಆ ದಂಡೆಯಲ್ಲೇ ಮ್ಯಾಂಚೆಸ್ಟರ್ ದಳದ ಕವಿ ವಿಲ್‌ಫ್ರೆಡ್ ಓವನ್ ಸತ್ತದ್ದು. ಇಂಗ್ಲಿಷ್ ಕಾವ್ಯ ಓದಿದ ಕನ್ನಡಿಗರಿಗೆ ಓರ್ಸ್ ಕಾಲುವೆ ಗೊತ್ತಿರುವುದು ಓವನ್ ಅವರಿಂದ. ಅದು ಸರಿಯಾದದ್ದೇ. ಆದರೆ ಅವರ ಕಣ್ಣಮುಂದೆ ನೀರಿನ ಮೇಲೆ ಹಲಗೆ ಜೋಡಿಸುತ್ತ ಸತ್ತವರೂ ಆ ಬೆಳಗಿಗೇ ಸೇರಿದವರು.

ನನ್ನ ವಾದಕ್ಕೆ ಬರಬಹುದಾದ ಮೊದಲ ಆಕ್ಷೇಪ ಗಂಭೀರವಾದದ್ದು. ಸತ್ತವರಲ್ಲಿ ಬಹುದೊಡ್ಡ ಪಾಲು ಕಾಲಾಳುಗಳದು. ಎಂಜಿನಿಯರುಗಳ ನಷ್ಟವನ್ನು ಬೇರೆಯಾಗಿ ಎತ್ತಿ ಹೇಳುವುದು ಅವರಿಗೆ ಅಪಚಾರವಲ್ಲವೇ? ಕಸುಬುದಾರನ ಪ್ರಾಣಕ್ಕೆ ಹೆಚ್ಚು ಬೆಲೆ, ಬರೀ ಕೈಯಾಳಿನ ಪ್ರಾಣಕ್ಕೆ ಕಡಿಮೆ ಎಂದಂತಾಗುವುದಿಲ್ಲವೇ? ಪ್ರಾಣಕ್ಕೆ ತರತಮವಿಲ್ಲ ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ಹೇಳುತ್ತಿರುವುದು ಪ್ರಾಣದ ಬೆಲೆಯನ್ನಲ್ಲ, ನಷ್ಟದ ಪರಿಣಾಮವನ್ನು. ಸಾವಿರ ಜನರ ಬೆಟಾಲಿಯನ್ನಿನಲ್ಲಿ ಇಪ್ಪತ್ತು ಮಂದಿ ಬಿದ್ದರೆ ದಾಳಿ ಮುಂದುವರಿಯುತ್ತದೆ. ಸೇತುವೆ ಹೊತ್ತ ಇಪ್ಪತ್ತು ಸ್ಯಾಪರ್‌ಗಳು ಲಾಕಿನ ಅಂಚಿನಲ್ಲಿ ಬಿದ್ದರೆ ಹಿಂದೆ ನಿಂತ ಬೆಟಾಲಿಯನ್ ಬಯಲಲ್ಲಿ ನಿಂತೇ ಸಾಯಬೇಕಾಗುತ್ತದೆ. ಓರ್ಸ್ ಬಳಿ ನಡೆದದ್ದು ಹೆಚ್ಚುಕಡಿಮೆ ಇದೇ. ಅಲ್ಲಿ ಸತ್ತ ಕಾಲಾಳುಗಳ ಪಟ್ಟಿ ಉದ್ದವಾದದ್ದು ಸೇತುವೆ ನಿಲ್ಲದ್ದರಿಂದ; 1ನೇ ಲಾಕಿನಲ್ಲಿ ಇನ್ನೂ ಉದ್ದವಾಗದಿದ್ದದ್ದು ಸೇತುವೆ ನಿಂತದ್ದರಿಂದ. ಎರಡು ಪಟ್ಟಿಗಳನ್ನು ಬೇರೆ ಬೇರೆ ಓದಿದರೆ ಈ ಸಂಬಂಧ ಕಾಣುವುದೇ ಇಲ್ಲ. ಎಂಜಿನಿಯರುಗಳ ಕೆಲಸವನ್ನು ಸರಿಯಾಗಿ ಬರೆದರೆ ಕಾಲಾಳುಗಳ ಸಾವಿನ ಕಾರಣವೂ ಸರಿಯಾಗಿ ತಿಳಿಯುತ್ತದೆ. ಇದರಲ್ಲಿ ಯಾರಿಗೂ ಅಪಚಾರವಿಲ್ಲ.

ಎರಡನೆಯ ಆಕ್ಷೇಪ ಇತಿಹಾಸಕಾರರದು. 1918ರ ಹೊತ್ತಿಗೆ ಟೆರಿಟೋರಿಯಲ್ ಎಂಬುದು ಹೆಸರಿಗಷ್ಟೇ ಉಳಿದಿತ್ತು ಎನ್ನುತ್ತಾರೆ. ಕಡ್ಡಾಯ ಸೇನಾಭರ್ತಿಯಿಂದ ಬಂದವರು, ಬೇರೆ ಊರುಗಳಿಂದ ಬಂದವರು ಖಾಲಿ ಜಾಗಗಳನ್ನು ತುಂಬಿದ್ದರು. ಫಿಂಡ್ಲೆ ಸ್ವತಃ ಖಾಯಂ ಸೇನೆಯ ಅಧಿಕಾರಿ. ಇದೆಲ್ಲ ನಿಜ. ಆದರೆ ಖಾಲಿ ಜಾಗಗಳು ಆದದ್ದಾದರೂ ಹೇಗೆ? ಸ್ವದೇಶದ ರಕ್ಷಣೆಗಷ್ಟೇ ಬದ್ಧರಾಗಿದ್ದವರು ತಾವಾಗಿ ಸಹಿ ಹಾಕಿ ಹೋಗಿ, ನಾಲ್ಕು ವರ್ಷ ಸಾಯುತ್ತ, ಗಾಯಗೊಳ್ಳುತ್ತ ಬಂದದ್ದರಿಂದ. ಹೆಸರಿಗಷ್ಟೇ ಉಳಿಯಿತು ಎಂಬ ಮಾತೇ ಆ ನಷ್ಟಕ್ಕೆ ಸಾಕ್ಷಿ.

ಮೂರನೆಯ ಆಕ್ಷೇಪ ಹೃದಯಕ್ಕೆ ಹತ್ತಿರವಾದದ್ದು. ಯುದ್ಧ ನಿಂತದ್ದು ನವೆಂಬರ್ 11ಕ್ಕೆ. ಇನ್ನೊಂದು ವಾರ ಸುಮ್ಮನಿದ್ದಿದ್ದರೆ ಕಾಲುವೆಯ ದಂಡೆಯಲ್ಲಿ ಯಾರೂ ಸಾಯುತ್ತಿರಲಿಲ್ಲವಲ್ಲ? ಓವನ್ ಅವರ ತಾಯಿಗೆ ತಂತಿ ಬಂದದ್ದು ಕದನವಿರಾಮದ ದಿನವೇ ಎಂಬುದನ್ನು ಕೇಳಿದ ಯಾರಿಗಾದರೂ ಈ ಪ್ರಶ್ನೆ ಏಳುತ್ತದೆ. ಅದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಆದರೆ ನವೆಂಬರ್ 4ರ ಬೆಳಗ್ಗೆ ಮುಂದಿನ ಸೋಮವಾರ ಯುದ್ಧ ಮುಗಿಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಆಸ್ಟ್ರಿಯ ಹಿಂದಿನ ದಿನ ಕದನವಿರಾಮಕ್ಕೆ ಸಹಿ ಹಾಕಿತ್ತು ನಿಜ, ಜರ್ಮನಿ ಇನ್ನೂ ಹಾಕಿರಲಿಲ್ಲ. ಕಾಲುವೆಯ ಆಚೆ ಮಿಷನ್‌ಗನ್ ಹಾರಿಸುತ್ತಿದ್ದವರು ಸೋತವರ ಹಾಗೆ ಕಾದಲಿಲ್ಲ. ಆ ದಿನದ ದಾಳಿಯ ಮೇಲೆ ಜರ್ಮನ್ ಸೇನೆ ಆ ಸಾಲನ್ನು ಬಿಟ್ಟು ಹಿಂದೆ ಸರಿಯಿತು. ದಾಳಿ ಬೇಕಿತ್ತೋ ಬೇಡವಾಗಿತ್ತೋ ಎಂಬುದು ಸೇನಾಪತಿಗಳನ್ನೂ ಮಂತ್ರಿಗಳನ್ನೂ ಕೇಳಬೇಕಾದ ಪ್ರಶ್ನೆ, ಅವರನ್ನು ಕೇಳುತ್ತಲೇ ಇರಬೇಕು. ದಾಳಿ ಎಂದು ತೀರ್ಮಾನವಾದ ಮೇಲೆ ಎಷ್ಟು ಕಡಿಮೆ ಜನ ಸಾಯುವಂತೆ ಅದನ್ನು ಮಾಡಬಹುದು ಎಂಬುದೊಂದೇ ಸ್ಯಾಪರ್‌ನ ಕೈಯಲ್ಲಿದ್ದದ್ದು. 409ನೇ ಕಂಪನಿ ತನ್ನವರನ್ನು ತೆತ್ತು ಅದನ್ನು ಮಾಡಿತು.

ನಮ್ಮ ನಾಡಿಗೂ ಈ ಲೆಕ್ಕ ಅಪರಿಚಿತವಲ್ಲ. ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಾಗಿರುವ ಮದ್ರಾಸ್ ಸ್ಯಾಪರ್ಸ್ ಮೀಸಲು ಪಡೆಯಲ್ಲ, ಖಾಯಂ ದಳ. ಆದರೂ 1917ರ ಫೆಬ್ರವರಿ 23ರಂದು ಮೆಸೊಪೊಟೇಮಿಯದ ಶುಮ್ರಾನ್ ತಿರುವಿನಲ್ಲಿ ತುಂಬಿ ಹರಿಯುತ್ತಿದ್ದ ಟೈಗ್ರಿಸ್ ನದಿಯನ್ನು ದಾಟಿಸುವಾಗ ದೋಣಿಗಳಿಗೆ ಹುಟ್ಟು ಹಾಕಿದವರಲ್ಲಿ ಅದರ ಜನರೂ ಇದ್ದರು. ಆ ದಿನ ಸಂಜೆಯ ಹೊತ್ತಿಗೆ ಟೈಗ್ರಿಸ್ ಮೇಲೆ ಸೇತುವೆ ನಿಂತಿತು. ಮರುತಿಂಗಳು ಬಾಗ್ದಾದ್ ಬಿತ್ತು. ಹುಟ್ಟು ಹಾಕುವವನಿಗೆ ಎರಡು ಕೈಯೂ ಹುಟ್ಟಿನ ಮೇಲೆ. ಗುಂಡಿಗೆ ಉತ್ತರವಾಗಿ ಗುಂಡು ಹಾರಿಸಲು ಅವನಿಗೆ ಕೈ ಬಿಡುವಿಲ್ಲ. ಲಾಕಿನ ಮೇಲೆ ಹಲಗೆ ಹಿಡಿದಿದ್ದವನ ಸ್ಥಿತಿಯೂ ಅದೇ. ಈ ಒಂದು ಸಂಗತಿ ನಮ್ಮ ಸೇನಾ ಚರಿತ್ರೆಗಳಲ್ಲಿ ಬಾಗ್ದಾದ್ ಪತನದಷ್ಟೇ ದೊಡ್ಡದಾಗಿ ಬರಬೇಕಿತ್ತು.

ಈಗ ಅಂಥ ಚರಿತ್ರೆ ಬರೆಯಹೊರಟವರಿಗೆ ಒಂದು ತೊಡಕಿದೆ. ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಸೈನಿಕರ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು 1940ರ ಬಾಂಬ್ ದಾಳಿಯಲ್ಲಿ ಲಂಡನ್ನಿನ ಉಗ್ರಾಣವೊಂದರಲ್ಲಿ ಸುಟ್ಟುಹೋಯಿತು. ಯಾವ ಸ್ಯಾಪರ್ ಬಡಗಿ, ಯಾವನು ಕಲ್ಲುಕುಟಿಗ, ಯಾವ ಊರಿನ ಯಾವ ಕಾರ್ಖಾನೆಯಿಂದ ಬಂದವನು ಎಂಬ ವಿವರ ಆ ಕಾಗದಗಳಲ್ಲಿತ್ತು. ಉಳಿದಿರುವುದು ಕಂಪನಿಗಳ ಯುದ್ಧ ದಿನಚರಿಗಳು. ದಿನಕ್ಕೆ ಎರಡು ಮೂರು ಸಾಲು, ಅವಸರದ ಬರಹ: ಎಲ್ಲಿ ರಸ್ತೆ ರಿಪೇರಿ, ಎಲ್ಲಿ ಸೇತುವೆ, ಎಷ್ಟು ಹಲಗೆ, ಎಷ್ಟು ಗಾಯಾಳು. ನಷ್ಟದ ಅಂಕಿಯನ್ನಷ್ಟೇ ಅವುಗಳಿಂದ ಹೆಕ್ಕಿಕೊಂಡು ಬರುವ ಅಭ್ಯಾಸ ಹೋಗಬೇಕು. ಲೋಲೆಂಡ್ ಕಂಪನಿಗಳ ಚರಿತ್ರೆಯನ್ನು ಮತ್ತೆ ಬರೆಯುವವರು 410ರ ಔಜಾ ರಾತ್ರಿಯನ್ನೂ 409ರ ಲಾಕಿನ ಬೆಳಗನ್ನೂ ಒಂದೇ ಅಧ್ಯಾಯದಲ್ಲಿ ಬರೆಯಲಿ. ಸತ್ತವರ ಹೆಸರುಗಳ ಎದುರು, ಆ ದಿನ ಅವರು ಕಟ್ಟುತ್ತಿದ್ದದ್ದು ಏನು, ಅದರ ಮೇಲೆ ದಾಟಿಹೋದ ದಳಗಳು ಯಾವುವು ಎಂದೂ ಅಚ್ಚು ಹಾಕಿಸಲಿ. ಆ ದಳಗಳ ಹೆಸರು ದಿನಚರಿಗಳಲ್ಲಿ ಸಿಗುತ್ತದೆ.